ಕೆಂಪು ಉಣ್ಣೆದಾರ

ಬಿಸಿಲು ಶಿಖರದ ತುದಿಗೆ ಬಂದಿದೆ, ಅಷ್ಟೇ, ಇನ್ನೂ ಕೆಳಗಿಳಿದಿಲ್ಲ, ಇಳಿದಿದೆಯೋ, ಆ ಹಳದಿ ಗೆರೆ ಆಗಲೇ ಕರಿಬಂಡೆಯ ಮೇಲಿತ್ತು, ಈಗ ಬಂಡೆಯ ಕೆಳಗಿದೆ — ನನ್ನ ಗಂಡ ಅಂಗ್ರುಪ್ ಕೊರಕಲಿನ ನಟ್ಟನಡುವೆ ಇದ್ದಾನೆ, ಬೆನ್ನ ಮೇಲೆ ಬಿತ್ತನೆ ಬಟಾಣಿಯ ಚೀಲ, ಮಣಿಕಟ್ಟಿಗೆ ಕಟ್ಟಿದ ಕೆಂಪು ಉಣ್ಣೆದಾರ ಹಿಮದ ಮೇಲೆ ಅವನ ಹಿಂದೆ ಹಿಂದೆ, ಮೂವತ್ತು ಮಾರು, ನಾನೇ ನೂತದ್ದು, ಹಿಮ ಕುಸಿದರೂ ಹಗುರ ದಾರ ಮೇಲೆ ಉಳಿಯುತ್ತದೆ, ಹಿಡಿದು ಹೋದರೆ ಮನುಷ್ಯ ಸಿಗುತ್ತಾನೆ, ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಹೀಗೆಯೇ, ಒಬ್ಬರು ದಾಟುವ ತನಕ ಇನ್ನೊಬ್ಬರು ಸಲಿಕೆ ಪಕ್ಕದಲ್ಲಿಟ್ಟುಕೊಂಡು ಅಂಚಿನಲ್ಲಿ ನಿಲ್ಲಬೇಕು. ಬೆಳ್ಳಿ ಚುಕ್ಕಿ ಇರುವಾಗಲೇ ಹೊರಡಬೇಕಿತ್ತು, ಹಿಮ ಕಲ್ಲಾಗಿರುವಾಗ, ಬೂಟು ಟಕ್ ಟಕ್ ಎನ್ನುವಾಗ, ನಮ್ಮೂರಿಗೆ ಹೊರಟ ನಮಗೆ ನನ್ನ ಸೋದರತ್ತೆ ಪಾಲ್ಮೊ ತನ್ನ ಮನೆ ಬಾಗಿಲಲ್ಲಿ ಅಡ್ಡ ನಿಂತಳು, ಎರಡೇ ಬಟ್ಟಲು ಚಹಾ ಕುಡ್ದು ಎದ್ದು ಹೋದ್ರೆ ಜಗಳ ಆಡ್ಕೊಂಡು ಹೋದ ಹಾಗೆ ಕಣೇ, ಕೂತ್ಕೋ — ಅಂಗ್ರುಪ್ ನನ್ನನ್ನೇ ನೋಡಿದ, ಯಾಂಗ್ಜೋಮ್, ನಿಮ್ಮತ್ತೆ ಚಹಾಕ್ಕೆ ಬೆಣ್ಣೆ ಕಡೆಯೋಷ್ಟರಲ್ಲಿ ಬೇಸಿಗೆ ಬರ್ತದೆ, ನಡಿ — ನಾನೇ ಕೂತೆ, ನಾನೇ ಬಟ್ಟಲು ಚಾಚಿದೆ, ಮೂರನೇ ಬಟ್ಟಲು, ಬೆಣ್ಣೆ ಚಹಾದಲ್ಲಿ ಉಪ್ಪು ಜಾಸ್ತಿಯಿತ್ತು, ನಾಲಿಗೆಯ ಮೇಲೆ ಈಗಲೂ ಇದೆ. ಇಲ್ಲಿಗೆ ಬಂದು ಅವನು ಕೋಲು ಊರಿದಾಗ ಅದು ಮೆತ್ತಗಾದ ಹಿಮದೊಳಗೆ ಗೇಣುದ್ದ ಇಳಿಯಿತು, ನಾಳೆ ಹೋಗೋಣ ಎಂದೆ, ಹೊಲದ ಹಿಮ ಕರಗೋಕೆ ಮಣ್ಣು ಚೆಲ್ಲೋರು ಯಾರು, ನಿಮ್ಮತ್ತೇನಾ, ಎಂದು ನಕ್ಕ, ಹೋದ.

ಹಳದಿ ಗೆರೆ ಅವನ ಮೇಲಿನ ಇಳಿಜಾರಿಗೆ ಬಂತು — ಮೊದಲು ಒಂದು ಚಿಕ್ಕ ಉಂಡೆ ಉರುಳಿತು, ಆಮೇಲೆ ಏನೂ ಇಲ್ಲ, ಆಮೇಲೆ ಬೆಟ್ಟವೇ ಮೈಮೇಲಿನ ಕಂಬಳಿ ಜಾರಿಸಿತು, ಈ ತುದಿಯಿಂದ ಆ ತುದಿಗೆ ನೀಲಿ ಬಿರುಕು, ಇಡೀ ಇಳಿಜಾರು ಹೊರಟಿದೆ, ನೆಲ ನನ್ನ ಎದೆಯೊಳಗೆ ಗುಡುಗುತ್ತಿದೆ, ಹಿಮದ ಹುಡಿ ಮುಗಿಲೆತ್ತರ ಎದ್ದು ಅದರೊಳಗೆ ಬಿಸಿಲು ಹೊಕ್ಕು ಎಲ್ಲವೂ ಬಂಗಾರ, ಎಷ್ಟು ಚೆಂದ, ಗಂಡ ಅದರ ಕೆಳಗಿದ್ದಾನೆ, ನಾನು ಚೆಂದ ಅನ್ನುತ್ತಿದ್ದೇನೆ, ಕೈ ಮುಗಿದಿದ್ದೇನೆ, ಯಾವಾಗ ಮುಗಿದೆನೋ, ಇಷ್ಟು ದೊಡ್ಡದರ ಕಾಲಬುಡದಲ್ಲಿ ನಾವು ಚಹಾ ಕುಡಿಯುತ್ತೇವೆ, ಬಟಾಣಿ ಬಿತ್ತುತ್ತೇವೆ — ಓಡು, ಸಲಿಕೆ ತಗೋ, ಕೆಂಪು ಎಲ್ಲಿ, ಬಿಳಿ, ಬಿಳಿ, ಚೆಲ್ಲಿದ ಬಟಾಣಿ ಕಾಳು, ಬಿಳಿ, ಅಗೋ ಕೆಂಪು, ಹಿಡಿದೆ, ಎಳೆದೆ, ಬರುತ್ತಿದೆ, ಇಷ್ಟು ಸಲೀಸಾಗಿ ಬರಬೇಡ, ಒಂದು ಮಾರು, ಮೂರು ಮಾರು, ಬರೀ ದಾರವೇ ಬಂದುಬಿಟ್ಟರೆ — ನಿಂತಿತು, ಬಿಗಿಯಾಯಿತು, ಹಿಮದೊಳಗೆ ನೇರ ಇಳಿದಿದೆ, ಹರಿಯಬಾರದು, ಎಡಗೈಯಲ್ಲಿ ದಾರ, ಬಲಗೈಯಲ್ಲಿ ಸಲಿಕೆ, ಅಂಗ್ರುಪ್, ಮೂರನೇ ಬಟ್ಟಲಿಗೆ ಕೈ ಚಾಚಿದ್ದು ನಾನೇ, ಅಂಗ್ರುಪ್ — ದಾರ ಅಲುಗಿತು, ನಾನು ಎಳೆದಿಲ್ಲ, ನನ್ನ ಕೈ ನಿಂತಿದೆ, ಕೆಂಪು ದಾರ, ಮತ್ತೆ ಅಲುಗಿತು, ನಾನು ಎಳೆದಿಲ್ಲ, ಕೆಂಪು ದಾರ