ಶೇಕರಿಗೆ ಇಟ್ಟ ನಿಂಬೆಹಣ್ಣು

ನಮ್ಮ ಸೂಕ್ಷ್ಮಜೀವಿ ವಿಭಾಗದ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಪ್ರಶ್ನೆಯೊಂದು ಈ ಆಯುಧಪೂಜೆಗೆ ಎದ್ದಿತು: ಶೇಕರ್ ಯಂತ್ರಕ್ಕೆ ಚಕ್ರವಿಲ್ಲ, ಹಾಗಾದರೆ ನಿಂಬೆಹಣ್ಣನ್ನು ಎಲ್ಲಿಡಬೇಕು? ಮುಖ್ಯಸ್ಥರಾದ ರಘುನಾಥ್ ಸರ್ ಮತ್ತು ಅಟ್ಟೂರಿನಿಂದ ಬರುವ ಅಟೆಂಡರ್ ಪಿಳ್ಳಪ್ಪ ಅರ್ಧ ಗಂಟೆ ಚರ್ಚಿಸಿ, ನಾಲ್ಕು ಕಾಲಿಗೂ ಒಂದೊಂದು ಎಂದು ತೀರ್ಮಾನಿಸಿದರು.

ಆ ಶೇಕರ್ ಇಪ್ಪತ್ತು ದಿನಗಳಿಂದ ನಿಲ್ಲದೆ ಅಲುಗಾಡುತ್ತಿತ್ತು. ಅದರ ಮೇಲಿನ ಫ್ಲಾಸ್ಕುಗಳಲ್ಲಿ ಬಾಗಲಕೋಟೆಯ ಸ್ನೇಹಾ ಸಾಕಿದ ಬ್ಯಾಕ್ಟೀರಿಯಾ. ಅಲುಗಾಡಿದರೆ ಗಾಳಿ ಬೆರೆಯುತ್ತದೆ. ಗಾಳಿಯಿದ್ದರೆ ಅವು ಸಕ್ಕರೆ ತಿಂದು ಬೆಳೆಯುತ್ತವೆ. ಗಾಳಿ ತಪ್ಪಿದರೆ ಅದೇ ಸಕ್ಕರೆಯನ್ನು ಹುಳಿ ಮಾಡಿ, ಆ ಹುಳಿಯಲ್ಲೇ ಸಾಯುತ್ತವೆ. ಸತತ ಇಪ್ಪತ್ತೆರಡು ದಿನ ಗಾಳಿಯಲ್ಲಿ ಬೆಳೆಸಿದರೆ ಹುಳಿ ಎಷ್ಟು ಕಡಿಮೆಯಾದೀತು ಎಂಬುದು ಅವಳ ಪಿಎಚ್‌ಡಿ. ಉತ್ತರ ಎರಡು ಸಲ ಬಂದಿತ್ತು. ಮೂರನೆಯ ಸಲವೂ ಬರಬೇಕು. ಪ್ರಬಂಧ ಸಲ್ಲಿಸಲು ಉಳಿದದ್ದು ಒಂಬತ್ತೇ ದಿನ.

ಪೂಜೆಯ ಮರುದಿನ ಬೆಳಿಗ್ಗೆ ಅವಳು ಬಂದಾಗ ಕೋಣೆಯಲ್ಲಿ ಸದ್ದಿರಲಿಲ್ಲ. ಫ್ಲಾಸ್ಕಿನ ಬಾಯಿ ತೆಗೆದರೆ ಕೆಟ್ಟ ಮಜ್ಜಿಗೆಯ ವಾಸನೆ. 'ಆಫ್ ಮಾಡಬೇಡಿ' ಎಂದು ಅವಳೇ ಅಂಟಿಸಿದ್ದ ಚೀಟಿಯ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ.

"ಕಾಕಾ, ಬಂದ್ ಯಾಕ್ ಮಾಡಿದ್ರಿ? ಚೀಟಿ ಹಚ್ಚಿದ್ನೆಲ್ರೀ!"

"ಅಬ್ಬದ ದಿನ ಆಯುಧಕ್ಕೆ ಕೆಲ್ಸ ಕೊಡಬಾರದು ಕಣವ್ವಾ," ಎಂದ ಪಿಳ್ಳಪ್ಪ. "ಪಾಪ, ಇಪ್ಪತ್ ದಿನದಿಂದ ಕುಣೀತಾ ಐತೆ. ಒಂದ್ ರಾತ್ರಿ ಮಲಗ್ಲಿ ಅಂತ ನಾನೇ ಆರ್ಸಿದೆ. ನಿನ್ನ ಪರೀಕ್ಷೆ ಪಾಸಾಗ್ಲಿ ಅಂತ ಕಾಯೂ ಒಡ್ದಿವ್ನಿ."

ಒಡೆದ ಕಾಯಿಯ ಒಂದು ಹೋಳನ್ನು ಅವಳ ಕೈಗೂ ಇಟ್ಟ. ಅವಳು ತೆಗೆದುಕೊಂಡಳು.

ರಘುನಾಥ್ ಸರ್ ಅವಳನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. "ಎರಡ್ ಸಲ ಬಂದಿದೆ ಅಲ್ವೇನಮ್ಮಾ? ಮೂರನೇದೂ ಅದೇ ಬರ್ತಿತ್ತು. ಬರೆದ್ಬಿಡು."

"'ಬರ್ತಿತ್ತು' ಅಂತ ಬರೀಲೇನ್ರಿ ಸರ್?"

"ತಮಾಷೆ ಮಾಡ್ಬೇಡ. ಇಲ್ಲಾಂದ್ರೆ ಪಿಳ್ಳಪ್ಪನ ಮೇಲೆ ಕಂಪ್ಲೇಂಟ್ ಕೊಡು. ಅದನ್ನ ತೋರಿಸಿ ಟೈಮ್ ಕೇಳೋಣ."

ಪಿಳ್ಳಪ್ಪ ಗುತ್ತಿಗೆಯ ನೌಕರ. ದೂರು ಹೋದರೆ ಮರುದಿನದಿಂದ ಕೆಲಸವಿಲ್ಲ. ಇದು ಮೂವರಿಗೂ ಗೊತ್ತಿತ್ತು. ಮೂರನೆಯವನು ಹೊರಗೆ ಬಾಡಿದ ಹೂವು ಗುಡಿಸುತ್ತಿದ್ದ.

ಸ್ನೇಹಾ ಸಮಯ ಕೇಳುವ ಅರ್ಜಿಯಲ್ಲಿ ಒಂದೇ ಸಾಲು ಬರೆದಳು: 'ಯಂತ್ರ ನಿಂತಿತ್ತು.' ಕಾರಣ ಸಾಲದು ಎಂದು ಅರ್ಜಿ ವಾಪಸು ಬಂತು. ಹತ್ತನೆಯ ದಿನ ಅವಳ ನೋಂದಣಿ ರದ್ದಾಯಿತು.