ಒಂದು ನಿಮಿಷ ಮುಟ್ಟಬಾರದು

ಆರು ಕಾಲುಗಳ ನಡೆ, ಮೊಣಕೈಯಿಂದ ಮುಂಗೈಯ ಕಡೆಗೆ, ಇಷ್ಟು ಹಗುರವೆಂದು ಅವಳಿಗೆ ತಿಳಿದಿರಲಿಲ್ಲ, ಮೂವತ್ತೊಂದು ವರ್ಷ ಜೇನು ಸಾಕುವವನ ಹೆಂಡತಿಯಾಗಿದ್ದೂ ಒಂದು ನೊಣವನ್ನು ಮೈಮೇಲೆ ನಡೆಯಗೊಟ್ಟವಳಲ್ಲ — ಗಾಜಿನ ಲೋಟವನ್ನು ಬೋರಲು ಹಿಡಿದ ಡಾಕ್ಟರಮ್ಮನ ಕೈ ಅಲುಗುತ್ತಿಲ್ಲ, ನರ್ಸಿನ ಬಳಿ ಜೀವ ಉಳಿಸುವ ಇಂಜೆಕ್ಷನ್ನು ಸಿದ್ಧವಾಗಿದೆ, ಗೋಡೆಗೆ ಒರಗಿದ ಗಂಡನ ಮುಖ ಮಾತ್ರ ಸುಣ್ಣ ಬಳಿದಂತಿದೆ, ಅಲ್ಲ, ನೊಣ ನಡೆಯುತ್ತಿರುವುದು ಯಾರ ಕೈಮೇಲೆ? ತಂದವನೂ ಅವನೇ, ತೂತು ಕೊರೆದ ಡಬ್ಬಿಯಲ್ಲಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು, ಇದು ಸಾಧು ಕಣೇ, ಇದಕ್ಕೆ ಹೊಡೆಯೋಕೇ ಬರಲ್ಲ ಅಂದ, ಹೊಡೀದೇ ಇದ್ರೆ ಪರೀಕ್ಷೆ ಹೇಗ್ರೀ ಆಗುತ್ತೆ ಅಂದಳು. ಈ ಒಂದು ಕುಟುಕನ್ನು ತಡೆದುಕೊಂಡರೆ ಹಿತ್ತಿಲಿನ ನಲವತ್ತು ಜೇನುಪೆಟ್ಟಿಗೆಗಳು ಉಳಿಯುತ್ತವೆ, ಉಸಿರು ಕಟ್ಟಿದರೆ ನಾಳೆಯೇ ಅಷ್ಟನ್ನೂ ಬೇರೆಯವರಿಗೆ ಒಪ್ಪಿಸುವುದಾಗಿ ಮಾತು ಕೊಟ್ಟಿದ್ದಾನೆ, ಅವಳು ಕೇಳದ ಮಾತು, ಅವಳಿಗೆ ಬೇಡದ ಮಾತು — ಪೆಟ್ಟಿಗೆ ಹೋದ್ರೆ ನೀವು ದಿನವಿಡೀ ಅಡುಗೆಮನೇಲಿ ಕೂತು ನನಗೆ ಪಾತ್ರೆ ತೊಳೆಯೋದು ಹೇಳಿಕೊಡ್ತೀರಿ, ಅದಕ್ಕಿಂತ ನೊಣವೇ ವಾಸಿ. ಕಲ್ಲುಮೈ ಎಂದು ಅವನಿಗೆ ಜೊತೆಯವರು ಇಟ್ಟ ಹೆಸರು, ನೂರು ಕುಟುಕಿದರೂ ಊದದ ಮೈ, ಆ ಜಂಬಕ್ಕೇ ಅಂದು ಅವಳ ಪ್ರಾಣ ಹೋಗುವುದರಲ್ಲಿತ್ತು: ಅವನ ಅಂಗಿಯ ಕಾಲರಿನಲ್ಲಿ ಸಿಕ್ಕಿಕೊಂಡಿದ್ದ ನೊಣ ಅವಳ ಹೆಬ್ಬೆರಳಿಗೆ ಹೊಡೆಯಿತು, ಉಗುರಿನಿಂದ ಮುಳ್ಳು ಕೆರೆದು ತೆಗೆದವನು, ಒಂದಕ್ಕೇ ಇಷ್ಟು ರಂಪಾನಾ ಎಂದು ನಕ್ಕು ಮೇಣ ಕರಗಿಸಲು ಹೋದ, ಹಿಂತಿರುಗುವಾಗ ಅವಳು ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು, ತುಟಿ ಊದಿ, ನಾಲಿಗೆ ಬಾಯಿತುಂಬ ಆಗಿ. ಆಸ್ಪತ್ರೆಯಲ್ಲಿ ಚೇತರಿಸಿಕೊಂಡ ಮೇಲೆ, ಪೆಟ್ಟಿಗೆ ಹತ್ರ ಹೋಗ್ತೀರಾ ಎಂದು ಡಾಕ್ಟರಮ್ಮ ಕೇಳಿದ್ದರು, ಇಲ್ಲ, ಅವರ ಬಟ್ಟೆ ಯಾರು ಒಗೀತಾರೆ ಎಂದರು, ನಾನೇ — ವಾರಕ್ಕೆ ಎರಡು ಸಲ, ಇಪ್ಪತ್ತೆಂಟು ವರ್ಷ, ಎರಡು ಸಾವಿರದ ಒಂಬೈನೂರಕ್ಕೂ ಮಿಕ್ಕು ಸಲ ಕೊಡವಿದ ಅಂಗಿ, ಕೊಡವಿದಾಗಲೆಲ್ಲ ಸೀನು, ಧೂಳು ಎಂದುಕೊಂಡಿದ್ದರು ಇಬ್ಬರೂ, ಅದು ಒಣಗಿದ ವಿಷ, ಅವನಿಗೆ ಪಳಗಿದ್ದು ಅವಳೊಳಗೆ ಹಗೆ ಕಟ್ಟಿತ್ತು. ಆಮೇಲೆ ಮೂರು ವರ್ಷ, ಮೈಯನ್ನು ಪಳಗಿಸಲು, ಅದೇ ವಿಷದ ಇಂಜೆಕ್ಷನ್ನು, ಕಣದಷ್ಟರಿಂದ ಹಿಡಿದು ಎರಡು ನೊಣದಷ್ಟರವರೆಗೆ, ಒಂದೂ ತಪ್ಪಿಸಲಿಲ್ಲ, ಮೊದಲ ತಿಂಗಳು ತೋಳು ಕುಂಬಳಕಾಯಿಯಾದಾಗ ಸಾಕು ಬಿಡೇ ಅಂದವನು ಅವನು, ಸಾಕು ಅನ್ನದವಳು ಅವಳು, ಕಲ್ಲಿಗೆ ತಡೆದುಕೊಳ್ಳುವುದೇನು ದೊಡ್ಡದು, ನೋಯುವ ಮೈಯಲ್ಲಿ ತಡೆದುಕೊಂಡು ತೋರಿಸಲಿ —

ಚುರ್. ಬಂತು. ಕೈ ಎಳೆದುಕೊಳ್ಳಲಿಲ್ಲ, ಎಳೆದುಕೊಳ್ಳಲಿಲ್ಲ ಅವಳು, ನರ್ಸು ನೋಡಿದಳಲ್ಲ. ನೊಣ ಸುತ್ತಿ ಸುತ್ತಿ ತನ್ನನ್ನು ಕಿತ್ತುಕೊಂಡಿತು, ಡಾಕ್ಟರಮ್ಮ ಅದನ್ನು ಲೋಟದೊಂದಿಗೇ ತಟ್ಟೆಗೆ ಸರಿಸಿದರು, ಚರ್ಮದಲ್ಲಿ ಉಳಿದದ್ದು ಮುಳ್ಳು, ಮುಳ್ಳಿನ ತುದಿಗೆ ಸಾಸಿವೆಗಿಂತ ಸಣ್ಣ ಚೀಲ, ಅದು ಮಿಡಿಯುತ್ತಿದೆ. ಒಂದು ನಿಮಿಷ ಯಾರೂ ಮುಟ್ಟಬಾರದು, ಡಾಕ್ಟರಮ್ಮ ಅಂದರು. ಅವನ ಉಗುರು ತಾನಾಗಿಯೇ ಮುಂದೆ ಬಂದಿದೆ, ಕೈ ತೆಗೀರಿ, ಒಂದೇ ಮುಳ್ಳು ಕಣೇ, ತೆಗೀರಿ ಅಂದೆನಲ್ಲ, ಎಂದೂ ಅವನಿಗೆ ಇಷ್ಟು ಗಟ್ಟಿಯಾಗಿ ಅಂದವಳಲ್ಲ, ಅವನು ಕೈಯನ್ನು ಜೇಬಿಗೆ ತುರುಕಿದ. ಚೀಲ ಮಿಡಿಯುತ್ತಿದೆ, ವಿಷವನ್ನು ಒಳಗೆ ಇಳಿಸುತ್ತಿದೆ, ಇಳಿಯಲಿ. ನಿಮಿಷ ಮುಗಿಯಿತು, ಕೆರೆದು ತೆಗೆದರು, ಈಗ ಒಂದು ಗಂಟೆ ಕಾಯಬೇಕು, ಹತ್ತು ನಿಮಿಷಕ್ಕೊಮ್ಮೆ ರಕ್ತದೊತ್ತಡ, ನೂರ ಇಪ್ಪತ್ತು, ನೂರ ಹದಿನೆಂಟು, ಅಂಗೈ ಕಡಿಯುತ್ತಿದೆಯೇ, ಇಲ್ಲ, ಗಂಟಲು, ಇಲ್ಲ, ನೂರ ಇಪ್ಪತ್ತೆರಡು, ಕುಟುಕಿದ ಜಾಗ ಕಾಸಗಲ ಕೆಂಪಾಗಿ ಅಲ್ಲಿಗೇ ನಿಂತಿದೆ, ನಾಲಿಗೆ ತನ್ನ ಅಳತೆಯಲ್ಲಿಯೇ ಇದೆ, ಕಣ್ಣು ಮುಚ್ಚಿದರೆ ಆ ಚೀಲ, ತೆರೆದರೆ ಗಡಿಯಾರ, ಆರನೆಯ ಸಲವೂ ನೂರ ಇಪ್ಪತ್ತು. ತಡ್ಕೊಂಡ್ರಲ್ಲಮ್ಮ, ಡಾಕ್ಟರಮ್ಮ ನಕ್ಕರು, ನಿಮ್ಮ ಪೆಟ್ಟಿಗೆ ನಿಮಗೇ ಇರ್ಲಿ, ಬಟ್ಟೆ ಮಾತ್ರ ಅವರೇ ಒಗೆದುಕೊಳ್ಳಲಿ. ಒಗೀತೀನಿ ಎಂದ ಕಲ್ಲುಮೈ, ಕುರ್ಚಿ ಎಳೆದುಕೊಂಡು ಕುಸಿದು ಕೂತ, ನೋವಾಯ್ತೇನೇ ಎಂದು ಕೇಳಿದ, ನೂರಾರು ಕುಟುಕು ಕಂಡವನ ಬಾಯಿ ಮೊದಲ ಸಲ ಕೇಳಿದ ಮಾತು, ಉತ್ತರ ಹೇಳಬೇಕು, ಬಾಯಿ ತೆರೆದಿದ್ದಾಳೆ, ತಟ್ಟೆಯಲ್ಲಿ ನೊಣ ಕಾಲು ಮಡಿಚಿ ಸತ್ತು ಬಿದ್ದಿದೆ, ಆದರೆ ಅವಳ ತೋಳಿನ ಮೇಲೆ, ಯಾರೂ ಮುಟ್ಟದ, ಅವಳ ಪಾಲಿಗೆ ಇನ್ನೂ ಮುಗಿಯದ ಆ ನಿಮಿಷದಲ್ಲಿ, ಮೈಯಿಂದ ಕಳಚಿದ ಚೀಲವೊಂದು ಒಂದೇ ಸಮನೆ ಮಿಡಿಯುತ್ತಿದೆ, ಮಿಡಿಯುತ್ತಿದೆ, ಅವಳು ಅಲುಗುತ್ತಿಲ್ಲ, ಮಿಡಿಯುತ್ತಿದೆ