ಸಾಕಮ್ಮ ಎಂಬ ಹೆಸರು

ತಮ್ಮಯ್ಯ ಮಂಡ್ಯದ ಕಡೆಯವನು. ಮದ್ರಾಸಿನ ಪೆರಂಬೂರು ರೈಲುಡಬ್ಬಿ ಕಾರ್ಖಾನೆಯಲ್ಲಿ ವೆಲ್ಡರ್. ಹೆಂಡತಿ ಬೇಗ ತೀರಿಕೊಂಡದ್ದರಿಂದ ಮೂವರು ಹೆಣ್ಣುಮಕ್ಕಳನ್ನು ಒಬ್ಬನೇ ಬೆಳೆಸಿದ. ಕೊನೆಯವಳ ಹೆಸರು ಸಾಕಮ್ಮ. ಮಕ್ಕಳು ಓದಿದ್ದು ತಮಿಳಿನಲ್ಲಿ. ಸಾಕಮ್ಮನಿಗೆ ಗೊತ್ತಿದ್ದದ್ದು ಮನೆಮಾತಿನ ಕನ್ನಡ, ಹೆಚ್ಚಿನದು ಊಟದ ತಟ್ಟೆಯ ಸುತ್ತಲಿನದು: ಬಾ, ಹಾಕು, ಬೇಡ, ಸಾಕು.

ಎಂಟನೆಯ ತರಗತಿಯಲ್ಲಿ ಗೆಳತಿಯೊಬ್ಬಳು ಹೆಸರಿನ ಅರ್ಥ ಕೇಳಿದಳು. ಇವಳು ತನಗೆ ಗೊತ್ತಿದ್ದ 'ಸಾಕು' ಎಂಬ ಅರ್ಥ ಹೇಳಿದಳು. "ಓ, ನಮ್ಮಲ್ಲೂ ಇದೆ. ಹೆಣ್ಣು ಜಾಸ್ತಿಯಾದರೆ 'ಪೋದುಂಪೊಣ್ಣು' ಅಂತ ಇಡುತ್ತಾರೆ," ಎಂದಳು ಆಕೆ. ಅಂದಿನಿಂದ ಇಡೀ ತರಗತಿಗೆ ಇವಳು 'ಪೋದುಂ', ಅಂದರೆ 'ಸಾಕು', ಆದಳು. ಸಾಕು ಎನಿಸಿಕೊಂಡ ಹುಡುಗಿ.

೧೯೯೯ರಲ್ಲಿ, ಇಪ್ಪತ್ತು ತುಂಬಿದಾಗ, ಗೆಜೆಟ್‌ನಲ್ಲಿ ತೇಜಸ್ವಿನಿ ಎಂದು ಹೆಸರು ಬದಲಿಸಲು ಅರ್ಜಿ ತುಂಬಿದಳು. ಅಪ್ಪನ ಸಹಿ ಬೇಕಿರಲಿಲ್ಲ. ಆದರೂ ಕಾಗದ ತಂದು ಅವನ ಮುಂದಿಟ್ಟಳು. ನೋಯಲಿ ಎಂದೇ ಇಟ್ಟಳು.

ತಮ್ಮಯ್ಯ ಕಾಗದ ಕೈಗೆತ್ತಿಕೊಂಡ. "ಅದು ಸಾಕು ಅಂತಲ್ಲ ಕಣವ್ವ..."

"ಪೋದುಂ, ಅಪ್ಪಾ!" ಎಂದು ಎದ್ದುಹೋದಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಆಮೇಲೆ ಅವಳನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. "ಬಾವ್ವ", "ಉಣ್ಣವ್ವ" ಅಷ್ಟೇ. ಐದು ವರ್ಷದ ನಂತರ ಎದೆನೋವಿನಿಂದ ಸತ್ತ.

ತಿಥಿಗೆ ಊರಿನಿಂದ ಅವನ ದೊಡ್ಡಪ್ಪನ ಮಗಳು ಸಣ್ಣಮ್ಮ ಬಂದಳು. ಬಂದವಳೇ, "ಎಲ್ಲಿ ನಮ್ ಸಾಕಮ್ಮ?" ಎಂದು ಹುಡುಕಿದಳು.

"ಈಗ ಆ ಹೆಸರಿಲ್ಲ ಅತ್ತೆ. ಸಾಕು ಅಂತ ಯಾರಾದ್ರೂ ಮಗೂಗೆ ಹೆಸರಿಡ್ತಾರಾ?"

ಮುದುಕಿ ಬೆಪ್ಪಾದಳು. "ಯಾರಂದ್ರು ಹಂಗೆ? ನಿಮ್ಮಪ್ಪ ತೊಟ್ಲಲ್ಲಿದ್ದಾಗ್ಲೇ ಅವರವ್ವ ಸತ್ತೋದ್ಲು. ಕಬ್ಬಿನ ಗದ್ದೆ ಕೆಲಸಕ್ಕೆ ಬಂದಿದ್ದ ಒಬ್ಳು ಎತ್ಕೊಂಡು ಸಾಕುದ್ಲು. ಯಾವೂರೋ, ಹೆಸರೇನೋ, ಯಾರಿಗೂ ಗೊತ್ತಿರ್ಲಿಲ್ಲ. ಸಾಕಿದ್ದಕ್ಕೆ ಸಾಕಮ್ಮ ಅಂದ್ರು. ಇವನು ಮದ್ರಾಸಿಗೆ ಬಂದ ವರ್ಸವೇ ಹೋಗ್ಬುಟ್ಲು. ಮಣ್ಣಿಗೂ ಬರಕ್ಕಾಗ್ಲಿಲ್ಲ ಇವನಿಗೆ. ಮೊದ್ಲು ಹುಟ್ಟಿದ್ದಕ್ಕೇ ಆ ಹೆಸರಿಡ್ತೀನಿ ಅಂದ. ಕೂಲಿಯವಳ ಹೆಸರು ಬ್ಯಾಡ ಅಂತ ನಿಮ್ಮವ್ವನ ಕಡೆಯೋರು ಬಿಡ್ಲಿಲ್ಲ. ಎರಡನೇದಕ್ಕೂ ಬಿಡ್ಲಿಲ್ಲ. ನಿನಗೆ ಹಟ ಹಿಡಿದು ಇಟ್ಟ."

ತೇಜಸ್ವಿನಿ ಗೋಡೆಗೆ ಒರಗಿ ಕುಳಿತಳು. ಹೋಳಿಗೆ ಬಡಿಸುತ್ತಿದ್ದ ಅಕ್ಕ ಎರಡು ಸಲ ಕರೆದರೂ ಏಳಲಿಲ್ಲ.

ಮರುದಿನ ಬಸ್ಸು ಹತ್ತಿಸಲು ಹೋದಾಗ ಸಣ್ಣಮ್ಮ ಕಿಟಕಿಯಿಂದ ಕೈಚಾಚಿ ಅವಳ ಗಲ್ಲ ಸವರಿದಳು. "ನಾನು ಏನಂತ ಕರೀಲಿ ಮಗಾ ನಿನ್ನ?"

ಆ ಹೆಸರು ನಾಲಿಗೆಯವರೆಗೂ ಬಂತು. ಹಾಗೆ ಕರೆಯಿರಿ ಎಂದು ಕೇಳಲು ಧೈರ್ಯವಾಗಲಿಲ್ಲ.

"ತೇಜು ಅನ್ನಿ ಅತ್ತೆ," ಎಂದಳು.